ಅರ್ಧ ಟಗರು

ಐದೇ ಪರವಾನಗಿ ಈ ಸಲ.
ಕಳೆದ ವರ್ಷ ಹನ್ನೊಂದಿತ್ತು.
ಜನವರಿಯಲ್ಲಿ ಬರಬಾರದ ಮಳೆ ಬಂದು
ಹಿಮದ ಮೇಲೆ ಗಾಜಿನ ಮುಚ್ಚಳ ಬಿಗಿದುಹೋಯಿತು.
ಕೆಳಗೆ ಹುಲ್ಲು, ಮೇಲೆ ಗೊರಸು,
ನಡುವೆ ನಾಲ್ಕು ಬೆರಳು ಮಂಜುಗಡ್ಡೆ.
ಹೆಲಿಕಾಪ್ಟರಿನಿಂದ ಕಾಡುಕುರಿ ಎಣಿಸಿದವರು
ಇಳಿದ ಮೇಲೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ನಾನು ನಡಾವಳಿ ಬರೆಯುವವಳು.
ಬೆಂಕಿಬಂಡಿಯನ್ನು ಹೊರಗೆ ಚಳಿಗೆ ನಿಲ್ಲಿಸಿ
ಅದರ ಜಾಗದಲ್ಲಿ ಮೂವತ್ತು ಕುರ್ಚಿ ಹಾಕಿದ್ದೆವು.
ಎಡಕ್ಕೆ ಊರಿನ ಬೇಟೆಗಾರರು, ಕೆಸರುಬೂಟು, ಥರ್ಮಾಸು.
ಬಲಕ್ಕೆ ಲೈಲ್ ಹ್ಯಾಮರ್‌ಸ್ಟೆಡ್,
ದೂರದವರನ್ನು ಕುದುರೆ ಹತ್ತಿಸಿ ಬೆಟ್ಟಕ್ಕೊಯ್ಯುವವನು.
ಅವನ ಬೆನ್ನಿಗೆ ಅಡಿಗೆಯವಳು, ಲಾಳ ಹೊಡೆಯುವವನು.
"ಒಂದು ಟಗರು ಅಂದರೆ ನಮ್ಮ ಏಳು ಮಂದಿಯ ಚಳಿಗಾಲ," ಎಂದ.
ಸುಳ್ಳಲ್ಲ ಅದು.

ಪುಸ್ತಕದ ಪ್ರಕಾರ ಊರವರಿಗೆ ನೂರಕ್ಕೆ ಎಪ್ಪತ್ತು,
ಹೊರಗಿನವರಿಗೆ ಮೂವತ್ತು.
ಐದರಲ್ಲಿ ಅದು ಮೂರೂವರೆ, ಇದು ಒಂದೂವರೆ.
ಗುಣಿಸಿದೆ, ಅಳಿಸಿದೆ, ಮತ್ತೆ ಗುಣಿಸಿದೆ.
ಎರಡೂ ಕಡೆ ಅರ್ಧರ್ಧ ಟಗರು ನಿಂತಿತ್ತು
ಎರಡೆರಡೇ ಕಾಲಿನ ಮೇಲೆ.

"ಮುಂಭಾಗ ನನಗಿರಲಿ, ಕೊಂಬಿರುವ ಕಡೆ," ಎಂದ ಲೈಲ್.
"ನಿನಗಾಗಲೇ ಬಂದಿದೆಯಲ್ಲ ಕೊಂಬು," ಎಂದಳು ಡೋರೀನ್ ಪಾಕೆಟ್.
ನಕ್ಕರು.
ಆಮೇಲೆ ಯಾರೂ ನಗಲಿಲ್ಲ.

ಡೋರೀನ್ ಶಾಲೆಯ ಬಸ್ಸು ಓಡಿಸುತ್ತಾಳೆ.
ಹದಿನೇಳು ವರ್ಷದಿಂದ ಚೀಟಿ ಹಾಕುತ್ತಿದ್ದಾಳೆ, ಒಮ್ಮೆಯೂ ಎದ್ದಿಲ್ಲ.
ಅವಳ ಮೊದಲ ಚೀಟಿಯ ವಸಂತದಲ್ಲಿ ಹುಟ್ಟಿದ ಮರಿ
ಬೆಳೆದು, ವರ್ಷಕ್ಕೊಂದು ಬಳೆ ಕೊಂಬಿಗೆ ತೊಟ್ಟು,
ಹಲ್ಲುದುರಿ, ಯಾವುದೋ ಬಂಡೆಯ ಮಗ್ಗುಲಲ್ಲಿ ಮಲಗಿ ಎದ್ದಿಲ್ಲ.
"ಅವರು ಮೂರು ವಿಮಾನ ಬದಲಿಸಿ ಬರುತ್ತಾರೆ.
ನನಗೆ ಪಾತ್ರೆ ತೊಳೆಯುವಾಗ ಕಾಣುವ ಬೆಟ್ಟ ಅದು," ಎಂದಳು.
ಅದೂ ಸುಳ್ಳಲ್ಲ.

ಹಿಂದಿನ ಸಾಲಿನಲ್ಲಿ ಅಗಾಥಾ ಚಾರ್ಲಿ,
ಕಾಸ್ಕಾ ಜನರ ಹಿರಿಯೆ, ಕೈಗವಸಿಗೆ ಮಣಿ ಪೋಣಿಸುತ್ತಿದ್ದಳು.
ಕೇಳಿದವರಿಲ್ಲ, ಆದರೂ ಹೇಳಿದಳು:
"ನಮ್ಮ ಪಾಲು ಆ ಕಾಗದದಲ್ಲಿಲ್ಲ.
ಕಾಗದ ಬಂದದ್ದು ಮೊನ್ನೆ ಮೊನ್ನೆ.
ಈ ವರ್ಷ ಮೊಮ್ಮಕ್ಕಳಿಗೆ ಅಂದಿದ್ದೇನೆ,
ಮೇಲೆ ಹತ್ತಬೇಡಿ, ಮೂಸ್ ಸಾಕು.
ನಿಮಗೆ ಹೇಳಲು ನಾನು ಯಾರು?
ಆ ಅರ್ಧವನ್ನು ಈ ಅರ್ಧದ ಜೊತೆ ಬಿಟ್ಟರೆ
ಎದ್ದು ನಡೆದೀತು, ಅಷ್ಟೇ."

ಒಲೆಯೊಳಗೆ ಒಂದು ಕೊರಡು ಸರಿಯಿತು.
ಅಧ್ಯಕ್ಷರು ಕೆಮ್ಮಿ, ಜೇಬು ತಡಕಿ,
ನಾಣ್ಯ ಚಿಮ್ಮಿದರು.
ನಮ್ಮ ನಾಣ್ಯದ ಒಂದು ಮಗ್ಗುಲಲ್ಲಿ ಕ್ಯಾರಿಬೂ ಇದೆ,
ತಾನು ಯಾವ ಪಂಚಾಯಿತಿಗೂ ಸೇರಿದ್ದಲ್ಲ ಎಂಬಂತೆ
ಅಂಚಿನಾಚೆ ನೋಡುತ್ತಿರುತ್ತದೆ.
ಅದೇ ಮೇಲೆ ಬಿತ್ತು. ಲೈಲ್ ಗೆದ್ದ.

ಟೋಪಿ ತೆಗೆದ. ಹಿಂದಿನ ಸಾಲಿನತ್ತ ನೋಡಿದ.
ಏನೋ ಹೇಳುತ್ತಾನೆಂದು ಪೆನ್ನೆತ್ತಿ ಕಾದೆ.
"ಎರಡು ಅಂತ ಬರಕೋ," ಎಂದ, ನನ್ನ ಕಡೆ ತಿರುಗದೆ.
ಊರವರಿಗೆ ಮೂರು. ಬರೆದೆ.
ಅಗಾಥಾ ಹಲ್ಲಿನಿಂದ ದಾರ ಕಡಿದಳು.
ಕುರ್ಚಿ ಮಡಚಲು ಎರಡು ಗುಂಪಿನವರೂ ಕೈ ಹಚ್ಚಿದರು.

ರಾತ್ರಿ ಮನೆಗೆ ಹೊರಟವಳಿಗೆ ತಿರುವಿನಲ್ಲಿ ಸಿಕ್ಕಿತು,
ಬೂದು ಮೈ, ಕೊಂಬಿನ ಸುತ್ತು ಇನ್ನೂ ಮುಗಿಯದ ಟಗರು
ರಸ್ತೆಯ ಉಪ್ಪು ನೆಕ್ಕುತ್ತ.
ಬೆಳಕಿಗೆ ತಲೆಯೆತ್ತಿತು.
ಎಣಿಸಿದೆ, ಅಭ್ಯಾಸ: ನಾಲ್ಕು ಕಾಲು.
ಉಪ್ಪಿನ ಋಣ ಅನ್ನುತ್ತೇವೆ.
ಯಾರು ಯಾರಿಗೆ ತೀರಿಸಬೇಕೆಂದು
ನನ್ನ ಪುಸ್ತಕದಲ್ಲಿ ಕಲಮಿಲ್ಲ.
ಎಂಜಿನ್ ಆರಿಸಿ ಕೂತೆ.
ಅದಕ್ಕೆ ಅವಸರವಿರಲಿಲ್ಲ.
ಚಳಿಗಾಲವಿಡೀ ನಾವು ಚೆಲ್ಲಿದ್ದು
ಇನ್ನೂ ಬಹಳ ಉಳಿದಿತ್ತು.